ಹತ್ತು ನಂಬರ್ ಸಾಕೆಟ್

ಮಾರ್ಚ್ 3, ಸೋಮವಾರ

ಉಪಕರಣ ಕೋಣೆಗೆ ಕೊನೆಗೂ ಕಂಪ್ಯೂಟರ್ ಬಂತು. ಇಪ್ಪತ್ತಾರು ವರ್ಷ ನಾನು ಕೈಯಲ್ಲಿ ಬರೆದ ರಿಜಿಸ್ಟರಿಗೆ ಇಂದಿನಿಂದ ವಿಶ್ರಾಂತಿ. ಕೊನೆಯದರಲ್ಲಿ ಅರ್ಧಕ್ಕೂ ಹೆಚ್ಚು ಹಾಳೆ ಖಾಲಿ ಉಳಿದಿದ್ದವು. ರದ್ದಿಗೆ ಹಾಕಲು ಮನಸ್ಸು ಬರದೆ ಮನೆಗೆ ತಂದಿದ್ದೇನೆ. ಒಬ್ಬಳೇ ಇರುವ ಮನೆ, ಮಾತಾಡಲು ಗೋಡೆ ಬಿಟ್ಟರೆ ಈ ಹಾಳೆ. ಗೋಡೆಗಿಂತ ಇದೇ ವಾಸಿ.

ಹ್ಯಾಂಗರಿನಲ್ಲಿ ಹನ್ನೆರಡು ಯುದ್ಧ ಹೆಲಿಕಾಪ್ಟರುಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿವೆ. ನಮ್ಮ ಸೇನೆ ಇಪ್ಪತ್ತೆರಡು ವರ್ಷ ಹಾರಿಸಿ ಸಾಕೆಂದು ಬಿಟ್ಟ ಯಂತ್ರಗಳು. ಈಗ ಅವಕ್ಕೆ ಹೊಸ ಎಂಜಿನ್, ಹೊಸ ಪರದೆಗಳು, ಪೈಲಟ್ ತಲೆ ತಿರುಗಿಸಿದ ಕಡೆಗೆ ತಾನೂ ತಿರುಗುವ ಹೊಸ ಬಂದೂಕು, ಎಲ್ಲ ಕೂರಿಸಿ ಬೇರೊಂದು ದೇಶಕ್ಕೆ ಮಾರುತ್ತಿದ್ದಾರೆ. ಮುದುಕನಿಗೆ ಹಲ್ಲು ಕಟ್ಟಿಸಿ ಮದುವೆಗೆ ನಿಲ್ಲಿಸಿದ ಹಾಗಿದೆ ಎಂದು ನನ್ನ ತಮ್ಮ ನಗುತ್ತಾನೆ. ಅವನು ಅದೇ ಹ್ಯಾಂಗರಿನಲ್ಲಿ ಮೆಕ್ಯಾನಿಕ್.

ಇವತ್ತು ಕಾರ್ಖಾನೆಯ ಮುಖ್ಯಸ್ಥರು ಕಿಟಕಿಯೊಳಗೆ ಕೈ ಹಾಕಿ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟಿದ್ದರು. ಮಾತಾಡುವಾಗಲೂ ಕೈಗಡಿಯಾರ ನೋಡುವ ಮನುಷ್ಯ, ಎಲ್ಲರೂ ಹಿಂದಿನಿಂದ 'ಗಡಿಯಾರ' ಎನ್ನುತ್ತಾರೆ.

"ಸಾರ್, ಬಿಲ್ಲೆ ಎಲ್ಲಿ?" ಎಂದೆ.

"ಎರಡೇ ನಿಮಿಷ ಕಣಮ್ಮ, ತಂದುಕೊಡ್ತೀನಿ."

"ಹೆಲಿಕಾಪ್ಟರ್ ಬೀಳೋಕೆ ಅಷ್ಟು ಹೊತ್ತೂ ಬೇಡ ಸಾರ್. ಬಿಲ್ಲೆ ಕೊಡಿ, ಇಲ್ಲ ವಸ್ತು ಅಲ್ಲೇ ಇಡಿ."

ಇಟ್ಟು ಹೋದರು. ಮೆಕ್ಯಾನಿಕ್‌ಗಳೆಲ್ಲ ಬೆನ್ನು ತಿರುಗಿಸಿಕೊಂಡು ನಕ್ಕರು. ನಗಲಿ. ನಿಯಮ ಮಗುವಿಗೂ ಅರ್ಥವಾಗುವಂಥದ್ದು. ಬಿಡಿ ವಸ್ತು ಒಯ್ಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನ್ನಲ್ಲಿ ಇಟ್ಟು ಹೋಗಬೇಕು. ಪ್ರತಿಯೊಬ್ಬ ಮೆಕ್ಯಾನಿಕ್‌ಗೆ ಒಂದು ಟ್ರೇ. ಟ್ರೇಯ ಕಪ್ಪು ಸ್ಪಂಜಿನಲ್ಲಿ ಪ್ರತಿ ಉಪಕರಣಕ್ಕೂ ಅದರದೇ ಆಕಾರದ ಗುಳಿ, ಗುಳಿಯ ತಳಕ್ಕೆ ಕೆಂಪು. ವಸ್ತು ಇಲ್ಲದಿದ್ದರೆ ಕೆಂಪು ಕಾಣುತ್ತದೆ. ಎಲ್ಲದರ ಮೇಲೂ ಟ್ರೇ ನಂಬರ್, ಗುಳಿ ನಂಬರ್ ಕೊರೆದಿರುತ್ತದೆ, ಕೊರೆಯುವವಳು ನಾನೇ. ಸಂಜೆ ನಾನು ಎಣಿಸಿ 'ಪೂರ್ಣ' ಎಂದು ಸಹಿ ಹಾಕುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ, ಯಾವ ಯಂತ್ರವೂ ಮೇಲೇಳುವಂತಿಲ್ಲ. ಒಳಗೆಲ್ಲೋ ಉಳಿದ ಒಂದು ಬೆರಳುದ್ದದ ಕಬ್ಬಿಣ ಹಾರುವಾಗ ಜರುಗಿ ಯಾವುದೋ ಸಂದಿಗೆ ಸಿಕ್ಕಿಕೊಂಡರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕಿಟಕಿಯಿಂದ ಹೋದ ಒಂದು ಮೊಳೆಯೂ ತಪ್ಪಿಲ್ಲ. ಜಂಬ ಎಂದರೆ ಜಂಬ.

ಮಾರ್ಚ್ 12, ಬುಧವಾರ

ಕೊಂಡವರ ಕಡೆಯಿಂದ ಎಂಟು ಮೆಕ್ಯಾನಿಕ್‌ಗಳು ತರಬೇತಿಗೆ ಬಂದಿದ್ದಾರೆ. ಏಳು ಜನ ದುಭಾಷಿಯ ಹಿಂದೆ ಕೋಳಿಮರಿಗಳಂತೆ ಓಡಾಡುತ್ತಾರೆ. ಎಂಟನೆಯವನು ನಮ್ಮ ಮಾತು ಕಲಿತೇ ಬಂದಿದ್ದಾನೆ. ಬಾಗಿಲಿಗೆಲ್ಲ ತಲೆ ಬಗ್ಗಿಸಿ ಬರುವಷ್ಟು ಉದ್ದ. ಹ್ಯಾಂಗರಿನವರು ಮೊದಲ ದಿನವೇ 'ಏಣಿ' ಎಂದು ಹೆಸರಿಟ್ಟರು. ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡು, "ಪರವಾಗಿಲ್ಲ, ಉಪಯೋಗಕ್ಕೆ ಬರೋ ವಸ್ತು" ಎಂದನಂತೆ.

ಟೀ ಹೊತ್ತಿಗೆ ನನ್ನ ಕಿಟಕಿಗೆ ಬಂದು ನಿಂತ. ತಮ್ಮ ನನ್ನನ್ನು ಅಕ್ಕ ಎಂದು ಕರೆಯುವುದನ್ನು ಕೇಳಿಸಿಕೊಂಡು ಇವನೂ ಅಕ್ಕ ಎಂದ. "ಅಕ್ಕ ಅನ್ನೋದು ಇಲ್ಲಿ ಹುದ್ದೆ ಹೆಸರಾ?" ಎಂದು ಕೇಳಿದ. ಹೌದು, ಸಂಬಳ ಇಲ್ಲದ ಹುದ್ದೆ ಎಂದೆ.

ತನ್ನ ಊರಿನ ಕಾರ್ಖಾನೆಯಲ್ಲಿ ಎಣಿಸುವುದು ಹೇಗೆ ಎಂದು ಹೇಳಿದ. "ಮೇಲಿನವರು ಸರಿ ಇದ್ಯಾ ಅಂತಾರೆ, ನಾವು ಸರಿ ಇದೆ ಅಂತೀವಿ. ಅಷ್ಟೇ ಅಕ್ಕ." ಹಾಗಾಗಿ ಹೋದ ವರ್ಷ ಅವನ ಗೆಳೆಯನೊಬ್ಬ ಸತ್ತನಂತೆ. ಅವನಿಗೆ ನಾನು ಎಣಿಸುವ ರೀತಿ ತೋರಿಸಿದೆ. ಮೊದಲು ಕಣ್ಣಿನಿಂದ, ಆಮೇಲೆ ಬೆರಳಿನಿಂದ. ಕಣ್ಣಿಗೆ ಮನೆಗೆ ಹೋಗುವ ಅವಸರ ಇರುತ್ತದೆ, ಬೆರಳಿಗೆ ಇರುವುದಿಲ್ಲ. ನಾಳೆಯಿಂದ ದಿನಾ ಬಂದು ಕಲಿಯುತ್ತೇನೆ ಎಂದ.

ಮಾರ್ಚ್ 25, ಮಂಗಳವಾರ

ಇವತ್ತು ಹುಡುಕಾಟದ ಗಂಟೆ ಬಾರಿಸಿದೆ. ಆರನೇ ಟ್ರೇಯಲ್ಲಿ ಒಂದು ಕಟಿಂಗ್ ಪ್ಲೇಯರ್ ಇಲ್ಲ. ತೊಂಬತ್ತು ಜನ ಎರಡೂವರೆ ಗಂಟೆ ನೆಲದ ಮೇಲೆ ತೆವಳಿದರು. ಗಡಿಯಾರ ತನ್ನ ಗಡಿಯಾರವನ್ನು ನೋಡಿ ನೋಡಿ ಸವೆಸಿದರು. ಕೊನೆಗೆ ಅದು ಸಿಕ್ಕಿದ್ದು ಅಟ್ಟಣಿಗೆಯ ಮೇಲೆ ಕೈ ಒರೆಸುವ ಬಟ್ಟೆಯ ಗಂಟಿನೊಳಗೆ. ಕಂಡುಹಿಡಿದವನು ಏಣಿ. ಅಷ್ಟು ಎತ್ತರದಿಂದ ಕಾಣದೆ ಇನ್ನೇನು.

ತಮ್ಮ ಮುಖ ಊದಿಸಿಕೊಂಡಿದ್ದ. "ಮಗಳಿಗೆ ಜ್ವರ ಅಕ್ಕ, ಬೇಗ ಹೋಗ್ಬೇಕಿತ್ತು. ಒಂದು ಪ್ಲೇಯರ್‌ಗೆ ಇಷ್ಟೆಲ್ಲ ರಂಪ ಮಾಡ್ತೀಯಲ್ಲ." ನಾನು ಬಿಡಲಿಲ್ಲ. ಹೋದ ವರ್ಷ ಎಂಜಿನ್ ಗೂಡಿನಲ್ಲಿ ಟಾರ್ಚ್ ಬಿಟ್ಟು ಬಂದವನು ಅವನೇ. ಹಾರುವ ಮೊದಲು ಸಿಕ್ಕಿತು, ಪುಣ್ಯ. ಲಿಖಿತ ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನೊಂದು ಸಲ ಆದರೆ ಲೈಸೆನ್ಸ್ ರದ್ದು, ಮತ್ತೆ ಜೀವಮಾನದಲ್ಲಿ ಯಾವ ಯಂತ್ರದ ಬಳಿಯೂ ಬಿಡುವುದಿಲ್ಲ. ಅದನ್ನೇ ನೆನಪಿಸಿದೆ. ಚೀಲ ಎತ್ತಿಕೊಂಡು ಹೋದ.

ಅಮ್ಮ ಹೋದಾಗ ಅವನಿಗೆ ಐದು ವರ್ಷ, ನನಗೆ ಹತ್ತೊಂಬತ್ತು. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ನನ್ನ ಮದುವೆಯ ವಯಸ್ಸು ಅವನ ಫೀಸಿನ ಹಿಂದೆ ಓಡಿಹೋಯಿತು. ಬೈಯುವ ಹಕ್ಕಾದರೂ ಇರಲಿ.

ಏಪ್ರಿಲ್ 9, ಬುಧವಾರ

ನಾಲ್ಕನೇ ಟ್ರೇ. ಹದಿನೇಳನೇ ಗುಳಿ. ಕೆಂಪು.

ಹತ್ತು ನಂಬರ್ ಸಾಕೆಟ್, ಬೋಲ್ಟ್ ತಿರುಗಿಸಲು ಹಿಡಿಕೆಯ ತುದಿಗೆ ಸಿಕ್ಕಿಸುವ ಉಕ್ಕಿನ ಬಟ್ಟಲು, ಹೆಬ್ಬೆರಳಿನ ಗಿಣ್ಣಿನಷ್ಟು ದಪ್ಪ. ತಮ್ಮನ ಟ್ರೇ. ಒಂದನೇ ಯಂತ್ರದಲ್ಲಿ ಪೈಲಟ್ ಸೀಟಿನ ಕೆಳಗೆ ನೆಲದ ತಗಡು ಮುಚ್ಚುವ ಕೆಲಸ ಇವತ್ತು ಅವನದೇ ಇತ್ತು. ಟ್ರೇಯನ್ನು ಎಲ್ಲರಿಗಿಂತ ಕೊನೆಗೆ ತಂದ. ಕಿಟಕಿಯಲ್ಲಿ ನಾವಿಬ್ಬರೇ.

"ಅಕ್ಕ, ಗಂಟೆ ಬಾರಿಸ್ಬೇಡ. ಅಲ್ಲೇ ಎಲ್ಲೋ ಬಿದ್ದಿರುತ್ತೆ. ಬೆಳಿಗ್ಗೆ ಬೇಗ ಬಂದು ಹುಡುಕಿ ಕೊಡ್ತೀನಿ. ಒಂದು ರಾತ್ರಿ, ಅಷ್ಟೇ."

ಅವನ ತುಟಿ ಐದು ವರ್ಷದವನಿದ್ದಾಗಿನಂತೆ ನಡುಗುತ್ತಿತ್ತು. ಕೈ ಗಂಟೆಯ ಹಗ್ಗದ ಮೇಲೇ ಇತ್ತು ನನ್ನದು. ಆಮೇಲೆ ಅದೇ ಕೈಯಲ್ಲಿ ಕಂಪ್ಯೂಟರಿನಲ್ಲಿ 'ಪೂರ್ಣ' ಒತ್ತಿದೆ. ಒಂದು ರಾತ್ರಿಯ ಮಟ್ಟಿಗೆ.

ಏಪ್ರಿಲ್ 10, ಗುರುವಾರ

ಸಿಗಲಿಲ್ಲ. ಬೆಳಿಗ್ಗೆ ಆರಕ್ಕೇ ಬಂದು ಕನ್ನಡಿ ಹಿಡಿದು, ಆಯಸ್ಕಾಂತದ ಕೋಲು ಹಾಕಿ, ಕೈ ತೂರುವ ಕಡೆಯೆಲ್ಲ ಹುಡುಕಿದನಂತೆ. ಕೈ ತೂರದ ಕಡೆ ನೋಡಬೇಕಾದರೆ ಗುಂಡು ತಡೆಯುವ ಹೊಸ ಸೀಟು ಎತ್ತಬೇಕು, ನೆಲ ಬಿಚ್ಚಬೇಕು, ಹೊಸ ತಂತಿಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ನಾಲ್ಕು ದಿನದ ಕೆಲಸ. ಮಂಗಳವಾರ ಈ ಯಂತ್ರದ ಹಸ್ತಾಂತರ, ಮಂತ್ರಿಗಳು ಬರುತ್ತಾರೆ.

"ಕಸದ ಜೊತೆ ಗುಡಿಸಿ ಹೋಗಿರ್ಬೇಕು ಅಕ್ಕ. ಹೌದು, ಕಸದಲ್ಲೇ ಹೋಗಿದೆ" ಎಂದ. ಎರಡನೇ ಸಲ ಹೇಳುವಾಗ ಅವನೇ ನಂಬಿಬಿಟ್ಟಿದ್ದ.

ಈಗ ಹೇಳಿದರೆ ಅವನ ಲೈಸೆನ್ಸ್ ಜೊತೆಗೆ ನಿನ್ನೆಯ ನನ್ನ ಸಹಿಯೂ ಸುಳ್ಳಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಮಧ್ಯಾಹ್ನ ಹೊರಗೆ ಹೋದೆ. ಗೇಟಿನೆದುರು ಉಪಕರಣದ ಅಂಗಡಿ, ಕಾರ್ಖಾನೆಯೂ ಅಲ್ಲೇ ಕೊಳ್ಳುವುದು. "ಒಂದೇ ಒಂದು ಸಾಕೆಟ್ಟಾ ಅಮ್ಮ? ಮನೇಲಿ ಹೆಲಿಕಾಪ್ಟರ್ ಕಟ್ತಿದ್ದೀರಾ?" ಎಂದು ಅಂಗಡಿಯವನ ತಮಾಷೆ. ನಾನೂ ನಕ್ಕೆ.

ಕೋಣೆಯ ಬಾಗಿಲು ಹಾಕಿಕೊಂಡು ಕೊರೆಯುವ ಪೆನ್ನಿನಿಂದ 4-17 ಎಂದು ಕೊರೆದೆ. ಹೊಸ ಹೊಳಪು ಎದ್ದು ಕಾಣುತ್ತಿತ್ತು. ಸಣ್ಣ ಮರಳುಕಾಗದದಲ್ಲಿ ಉಜ್ಜಿದೆ, ಹಳೇ ಗ್ರೀಸು ಬಳಿದೆ, ಮತ್ತೆ ಒರೆಸಿದೆ. ಒಳಗಿನ ಅಂಚನ್ನು ಬೋಲ್ಟಿಗೆ ಹಾಕಿ ಹತ್ತಿಪ್ಪತ್ತು ಸಲ ತಿರುಗಿಸಿ ಸವೆಸಿದೆ. ಗುಳಿಯಲ್ಲಿ ಇಟ್ಟ ಮೇಲೆ ನನಗೇ ಗುರುತು ಸಿಗಲಿಲ್ಲ. ಇಷ್ಟು ಚೆನ್ನಾಗಿ ಮಾಡಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಊಟ ಸೇರಲಿಲ್ಲ. ಕಸದಲ್ಲೇ ಹೋಗಿರಲಿ ಎಂದು ಹಾರೈಸುತ್ತ ಕೂತಿದ್ದೇನೆ. ಕಸಕ್ಕಾಗಿ ಇಷ್ಟು ಹಾರೈಸಿದವರು ಲೋಕದಲ್ಲಿ ಇನ್ನಾರೂ ಇರಲಾರರು.

ಏಪ್ರಿಲ್ 15, ಮಂಗಳವಾರ

ಹಸ್ತಾಂತರ ಆಯಿತು. ಮಂತ್ರಿಗಳು, ಹೂಗುಚ್ಛ, ಫೋಟೋ. ಭಾಷಣದಲ್ಲಿ ಶಾಂತಿ ಎಂಬ ಮಾತು ಎಷ್ಟು ಸಲ ಬಂತೋ, ಹಿಂದೆ ಬಂದೂಕಿನ ಕೊಳವೆಗೆ ಕೆಂಪು ಟೇಪು ಕಟ್ಟಿತ್ತು.

ನಿಯಮದ ಪ್ರಕಾರ ಕೊಂಡವರ ಪರವಾಗಿ ಒಬ್ಬರು ನಮ್ಮ ಟ್ರೇಗಳನ್ನು ಎಣಿಸಿ ಜೊತೆ ಸಹಿ ಹಾಕಬೇಕು. ಏಣಿಯನ್ನು ಕಳಿಸಿದರು. ನಾನು ಕಲಿಸಿದ ಹಾಗೆಯೇ, ಮೊದಲು ಕಣ್ಣಿನಿಂದ, ಆಮೇಲೆ ಬೆರಳಿನಿಂದ ಎಣಿಸಿದ. ನಾಲ್ಕನೇ ಟ್ರೇಯಲ್ಲಿ ಬೆರಳು ಹದಿನಾರಕ್ಕೆ ಬಂತು, ಹದಿನೇಳಕ್ಕೆ ಬಂತು, ಹದಿನೆಂಟಕ್ಕೆ ಹೋಯಿತು.

"ಪೂರ್ಣ" ಎಂದು ಸಹಿ ಹಾಕಿದ. "ಅಕ್ಕ, ನನಗೊಂದು ಆಸೆ. ನಮ್ಮಲ್ಲೂ ಹೀಗೊಂದು ಕಿಟಕಿ ಮಾಡಿಸ್ತೀನಿ. ಒಬ್ಬರು ಕೂತು ಎಲ್ಲರಿಗೂ ಬೈಯ್ಬೇಕು, ನಿಮ್ಮ ಥರ." ನಕ್ಕ. ಅವನಿಗೂ ಇದೇ ತಯಾರಿಕೆಯ ಒಂದು ಟ್ರೇ ಕೊಟ್ಟಿದ್ದೇವೆ, ಯಂತ್ರದ ಜೊತೆ ಮಾರಿದ ಸಾಮಾನಿನ ಪಟ್ಟಿಯಲ್ಲಿ ಅದೂ ಸೇರಿದೆ. ನಂಬರ್ ಕೊರೆದವಳು ನಾನೇ.

ಯಂತ್ರ ಮೇಲೆದ್ದಾಗ ನೋಡಲು ನಿಲ್ಲಲಿಲ್ಲ. ಸದ್ದು ಮಾತ್ರ ಕೇಳಿದೆ, ಅದು ದೂರವಾಗುವವರೆಗೆ. ಏನೂ ಆಗಲಿಲ್ಲ. ಹೇಳಲಿಲ್ಲವೇ, ಕಸದಲ್ಲೇ ಹೋಗಿದೆ.

ಮೇ 6, ಮಂಗಳವಾರ

ಬರೆಯಲು ವಿಶೇಷವಿಲ್ಲ. ಎರಡು, ಮೂರು, ನಾಲ್ಕನೇ ಯಂತ್ರ ಹೋದವು. ತಮ್ಮ ಈಗ ಟ್ರೇಯನ್ನು ಎಲ್ಲರಿಗಿಂತ ಮೊದಲು ತಂದುಕೊಡುತ್ತಾನೆ. ಶಿಸ್ತು ಬಂದಿದೆ. ಒಳ್ಳೆಯದೇ ಆಯಿತು ಎನ್ನಬೇಕು.

ಮೇ 29, ಗುರುವಾರ

ಇವತ್ತು ಎರಡನೇ ಟ್ರೇಯಲ್ಲಿ ಸ್ಕ್ರೂಡ್ರೈವರಿನ ತುದಿಗೆ ಹಾಕುವ ಒಂದು ಬಿಟ್ ಕಡಿಮೆ ಇತ್ತು. ಗಂಟೆ ಬಾರಿಸುವ ಮೊದಲು ಆ ಮೆಕ್ಯಾನಿಕ್‌ಗೆ ಹತ್ತು ನಿಮಿಷ ಕೊಟ್ಟೆ. ಹುಡುಕಿ ತಂದ. ತೊಂಬತ್ತು ಜನರನ್ನು ತೆವಳಿಸುವುದಕ್ಕಿಂತ ಇದು ವಾಸಿ. ಮೊದಲೇ ಹೀಗೆ ಮಾಡಬಹುದಿತ್ತು. ಗಡಿಯಾರ ಬಂದು, "ಅಮ್ಮ, ಈಚೆಗೆ ನೀವು ಬಹಳ ಅರ್ಥ ಮಾಡಿಕೊಳ್ತೀರಿ" ಎಂದು ಹೊಗಳಿದರು. ಬೆರಳಿನಿಂದ ಎಣಿಸುವುದನ್ನು ಈಗ ಬಿಟ್ಟಿದ್ದೇನೆ, ಗಂಟು ನೋಯುತ್ತದೆ. ಕಣ್ಣಿಗೆ ಕಂಡರೆ ಸಾಲದೆ.

ಜೂನ್ 24, ಮಂಗಳವಾರ

ಒಂದನೇ ಯಂತ್ರ ಬಿದ್ದಿದೆ.

ಬೆಟ್ಟದ ಬದಿಯಲ್ಲಿ ತಗ್ಗಿನಲ್ಲಿ ಹಾರುತ್ತಿದ್ದಾಗ ಮೂತಿ ಮೇಲೆತ್ತಲಾಗದೆ ಬಡಿಯಿತಂತೆ. ಪೈಲಟ್, ಬಂದೂಕಿನವನು, ಇಬ್ಬರೂ ಹೋದರು. ಬೆಂಕಿ ಹತ್ತಿತಂತೆ. ತಮ್ಮ ಎಲ್ಲಿದ್ದಾನೆಂದು ನೋಡಿದೆ. ಏಳನೇ ಯಂತ್ರದ ಹಿಂದೆ ನಿಂತು ವಾಂತಿ ಮಾಡುತ್ತಿದ್ದ.

ಜೂನ್ 26, ಗುರುವಾರ

ತಮ್ಮ ಮನೆಗೆ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಅವನ ಹೆಂಡತಿಗೆ ಏನೂ ಹೇಳಿಲ್ಲವಂತೆ.

"ಅದೇ ಅಂತ ಏನು ಗ್ಯಾರಂಟಿ ಅಕ್ಕ? ಹಳೇ ಯಂತ್ರ. ನೂರು ಕಾರಣ ಇರುತ್ತೆ."

"ನೂರರಲ್ಲಿ ಒಂದು ನಮ್ಮದು."

"ಅವರೇನು ದೇವಸ್ಥಾನಕ್ಕೆ ಹೊರಟಿದ್ರಾ? ಯಾವ್ದೋ ಊರ ಮೇಲೆ ಗುಂಡು ಹಾರಿಸಿ ವಾಪಸ್ ಬರ್ತಿದ್ರು. ಸುದ್ದಿಯಲ್ಲಿ ಬಂತಲ್ಲ. ಆ ಊರಲ್ಲಿ ಎಷ್ಟು ಜನ ಸತ್ತಿದ್ದಾರೋ. ಅದಕ್ಕೆ ಯಾರು ಅಳ್ತಾರೆ?"

ಛೀ, ಅದೆಂಥ ಮಾತು ಎಂದು ಬೈದೆ. ಅವನು ಹೋದ ಮೇಲೆ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ. ಇಪ್ಪತ್ತಾರು ವರ್ಷ ನಾನು ಎಣಿಸಿದ್ದು ಆ ಯಂತ್ರಗಳು ಸುರಕ್ಷಿತವಾಗಿ ಹೋಗಿ, ಕೆಲಸ ಮುಗಿಸಿ, ಸುರಕ್ಷಿತವಾಗಿ ಬರಲಿ ಎಂದು. ಆ ಕೆಲಸ ಏನೆಂದು ಒಂದು ದಿನವೂ ಕೇಳಿದವಳಲ್ಲ. ಈಗ ಕೇಳಿಕೊಂಡರೆ ಸ್ವಲ್ಪ ಹಗುರಾಗುತ್ತದೆ, ಅದೇ ಹೆದರಿಕೆ.

ಜುಲೈ 8, ಮಂಗಳವಾರ

ಅವಶೇಷದಲ್ಲಿ, ಪೈಲಟ್ ಸೀಟಿನ ಕೆಳಗಿನ ಸನ್ನೆಕೋಲಿನ ಸಂದಿಯಲ್ಲಿ, ಒಂದು ಹತ್ತು ನಂಬರ್ ಸಾಕೆಟ್ ಸಿಕ್ಕಿದೆಯಂತೆ. ಸುಟ್ಟು ಕರಕಲಾಗಿ ಕೊರೆದ ನಂಬರ್ ಓದಲಾಗುತ್ತಿಲ್ಲ. ಗಡಿಯಾರ ಎಲ್ಲರನ್ನೂ ಕರೆದು ಹೇಳಿದರು. ಆ ಮಾತು ಕೇಳಿ ನನ್ನ ಕೈ ತಾನಾಗಿ ಏಪ್ರನ್ ಜೇಬಿಗೆ ಹೋಯಿತು, ಅಲ್ಲಿ ಏನೂ ಇಲ್ಲದಿದ್ದರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಯಾರೂ ಗಮನಿಸಲಿಲ್ಲ.

"ನಮ್ಮ ಟ್ರೇಗಳೆಲ್ಲ ಪೂರ್ಣ ಇದ್ದವು, ದಾಖಲೆ ಇದೆ. ಆಮೇಲೆ ಎರಡು ತಿಂಗಳು ಆ ಯಂತ್ರದ ನೆಲ ಬಿಚ್ಚಿ ಹಾಕಿ ಮಾಡಿದವರು ಅವರು" ಎಂದು ಮಾತು ಮುಗಿಸಿದರು.

ಏಣಿಯನ್ನು ಹಿಡಿದಿದ್ದಾರೆ. ಅಲ್ಲಿ ಆ ಯಂತ್ರದ ಹೊಣೆ ಅವನದೇ ಇತ್ತು. ಅವನ ಟ್ರೇ ಕೂಡ ಪೂರ್ಣವೇ ಇದೆ. ಆದರೆ ಹೊಸ ಸಾಕೆಟ್ ತಂದು ನಂಬರ್ ಕೊರೆದು ಮುಚ್ಚಿಟ್ಟಿದ್ದಾನೆ ಎಂದು ಅವರ ಅನುಮಾನ. ಸೇನೆಯ ನ್ಯಾಯಾಲಯ. ಕಡಿಮೆಯೆಂದರೆ ಹದಿನೈದು ವರ್ಷವಂತೆ.

ಜುಲೈ 10, ಗುರುವಾರ

ನಿದ್ದೆ ಇಲ್ಲ. ಹದಿನೈದು ವರ್ಷ. ಏಣಿಗೆ ಮೂವತ್ತೊಂದು ಈಗ.

ನಾಳೆ ಹೇಳಿಬಿಡುತ್ತೇನೆ. ತಮ್ಮನಿಗೆ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು, ನನಗೂ. ಮಾಡಿದ್ದುಣ್ಣೋ ಮಹಾರಾಯ. ನನ್ನ ಅನ್ನ ತಿಂದು ಬೆಳೆದವನಿಗಾಗಿ ಯಾರದೋ ಮನೆಯ ಮಗ ಒಳಗೆ ಕೂರುವುದು ಯಾವ ನ್ಯಾಯ? ಹೇಳಬೇಕಾದ ಮಾತನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಗೋಡೆ ಕೇಳಿಸಿಕೊಂಡಿತು.

ಜುಲೈ 11, ಶುಕ್ರವಾರ

ಗಡಿಯಾರದ ಕೋಣೆಗೆ ಹೋದೆ. ಬಾಗಿಲು ಹಾಕಿದೆ. ಅವರು ನನ್ನ ಮುಖ ನೋಡಿದರು, ಮೊದಲ ಸಲ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

"ಅಮ್ಮ, ನೀವು ಏನೋ ಹೇಳಕ್ಕೆ ಬಂದಿದ್ದೀರಿ. ಹೇಳಿ, ಕೇಳ್ತೀನಿ. ಆದ್ರೆ ಒಂದು ಸಲ ನನ್ನ ಕಿವಿಗೆ ಬಿದ್ರೆ ನನಗೆ ಕೇಳಿಸಿಲ್ಲ ಅನ್ನಕ್ಕಾಗಲ್ಲ. ಇನ್ನೂ ಆರು ಯಂತ್ರ ಇವೆ. ಒಪ್ಪಂದ ಮುರಿದ್ರೆ ನಾನೂರು ಜನ ಮನೆಗೆ. ನಿಮ್ಮ ತಮ್ಮನಿಗೆ ಎಷ್ಟು ವರ್ಷದ ಮಗು?"

"ಮೂರು."

"ಹ್ಞಾಂ. ಈಗ ಹೇಳಿ."

"ಕಿಟಕಿಯ ಚಿಲಕ ಸಡಿಲ ಆಗಿದೆ ಸಾರ್. ಬೇರೆ ಹಾಕಿಸಬೇಕು" ಎಂದೆ.

"ಇವತ್ತೇ ಹಾಕಿಸ್ತೀನಿ" ಎಂದರು. ಸಂಜೆಯೊಳಗೆ ಬಡಗಿ ಬಂದು ಹಾಕಿ ಹೋದ. ಹೊಸ ಚಿಲಕ ಚೆನ್ನಾಗಿದೆ.

ಜುಲೈ 13, ಭಾನುವಾರ

ತಮ್ಮನ ಮನೆಗೆ ಹೋಗಿದ್ದೆ. ಅವನ ಮಗಳು ನನ್ನ ತೊಡೆಯ ಮೇಲೆ ಕೂತು ಬೆರಳು ಎಣಿಸಿದಳು. ಅವಳಿಗೆ ಏಳರ ನಂತರ ಒಂಬತ್ತು. "ಅತ್ತೆ, ಸರಿನಾ?" ಎಂದಳು. ಸರಿ ಪುಟ್ಟಿ ಎಂದೆ. ಅವಳ ಅಮ್ಮ ಒಳಗಿನಿಂದ, "ತಪ್ಪು ಹೇಳಿಕೊಡ್ಬೇಡಿ ಅತ್ತಿಗೆ" ಎಂದು ನಕ್ಕಳು. ತಮ್ಮ ನಗಲಿಲ್ಲ. ಬಹಳ ಸೊರಗಿದ್ದಾನೆ. ಅವನನ್ನು ಇನ್ನಷ್ಟು ನೋಯಿಸಿ ಯಾರಿಗೆ ಏನು ಸಿಗುತ್ತದೆ?

ಒಂದು ವಿಷಯ ಯೋಚಿಸಬೇಕು. ಹಸ್ತಾಂತರದ ದಿನ ಆ ತರಬೇತಿಯವನೂ ಎಣಿಸಿ ಸಹಿ ಹಾಕಿದ್ದಾನೆ. ನಾನೊಬ್ಬಳೇ ಅಲ್ಲ. ಅವನ ಬೆರಳು ಆ ಸಾಕೆಟ್ಟಿನ ಮೇಲೆ ಹೋಗಿತ್ತು. ಅಷ್ಟು ಕಲಿಸಿದ್ದೆ, ಗಮನ ಇದ್ದಿದ್ದರೆ ಅವನಿಗೆ ಗೊತ್ತಾಗಬೇಕಿತ್ತು.

ಜುಲೈ 22, ಮಂಗಳವಾರ

ಆಚೆಯ ನ್ಯಾಯಾಲಯದಿಂದ ಪತ್ರ ಬಂದಿದೆ. ಆ ಮೆಕ್ಯಾನಿಕ್ ತನ್ನ ಪರ ಸಾಕ್ಷಿಯಾಗಿ ಒಬ್ಬರನ್ನೇ ಕೇಳಿಕೊಂಡಿದ್ದಾನಂತೆ. ನನ್ನನ್ನು. ಪತ್ರದಲ್ಲಿ ಅವನ ಮಾತನ್ನು ಹಾಗೇ ಹಾಕಿದ್ದಾರೆ: 'ಅವರು ಸುಳ್ಳು ಹೇಳುವುದಿಲ್ಲ, ಅವರನ್ನು ಕೇಳಿ.'

ಗಡಿಯಾರ ಓದಿ ಹೇಳಿದರು. "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಮ್ಮ. ದಾಖಲೆಯಲ್ಲಿ ಇರೋದನ್ನ ಹೇಳಿ, ಸಾಕು" ಎಂದರು. ತಮ್ಮನಿಗೆ ಸಂಜೆ ತಿಳಿಸಿದೆ. ನನ್ನ ಕೈ ಹಿಡಿದುಕೊಂಡು ಅತ್ತ. ಏನೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಜುಲೈ 29, ಮಂಗಳವಾರ

ಇವತ್ತು ವಿಚಾರಣೆ. ಸಭೆಯ ಕೋಣೆಯಲ್ಲಿ ದೊಡ್ಡ ಪರದೆ. ಇತ್ತ ಗಡಿಯಾರ, ವಕೀಲರು, ನಾನು. ಅತ್ತ ಮೂವರು ಅಧಿಕಾರಿಗಳು, ಒಬ್ಬ ದುಭಾಷಿ, ಬದಿಯಲ್ಲಿ ಆರೋಪಿ. ತಲೆ ಬೋಳಿಸಿದ್ದರು. ಕುರ್ಚಿ ಅವನ ಅಳತೆಗೆ ಚಿಕ್ಕದು, ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದ. ನಾನು ಸೆರಗು ಸರಿಮಾಡಿಕೊಂಡು ನೀರು ಕುಡಿದೆ.

ಹಸ್ತಾಂತರದ ದಿನ ನಿಮ್ಮಲ್ಲಿ ಉಪಕರಣಗಳೆಲ್ಲ ಇದ್ದವೇ ಎಂದು ಕೇಳಿದರು. ಇದ್ದವು ಎಂದೆ. ಇದ್ದವು, ಅದು ಸುಳ್ಳಲ್ಲ.

ಒಬ್ಬ ಮೆಕ್ಯಾನಿಕ್ ಕಳೆದುಹೋದ ಸಾಕೆಟ್ಟಿನ ಜಾಗಕ್ಕೆ ಹೊಸದು ತಂದಿಟ್ಟು ಯಾರಿಗೂ ತಿಳಿಯದಂತೆ ಮಾಡಲು ಸಾಧ್ಯವೇ ಎಂದು ಕೇಳಿದರು. ಸಾಧ್ಯ ಎಂದೆ. ಹೇಗೆ ಎಂದರು. ಹೇಳಿದೆ. ನಂಬರ್ ಕೊರೆಯುವುದು, ಮರಳುಕಾಗದ, ಗ್ರೀಸು, ಬೋಲ್ಟಿಗೆ ಹಾಕಿ ಅಂಚು ಸವೆಸುವುದು. ಒಂದು ಮಧ್ಯಾಹ್ನದ ಕೆಲಸ ಎಂದೆ. ದುಭಾಷಿ ಒಂದೊಂದೇ ಮಾತು ತಿರುಗಿಸಿ ಹೇಳಿದ. ಅಧಿಕಾರಿಗಳು ಪುಟಗಟ್ಟಲೆ ಬರೆದುಕೊಂಡರು. ಇಷ್ಟು ವಿವರ ನಿಮಗೆ ಹೇಗೆ ಗೊತ್ತು ಎಂದು ನಡುವಿನವರು ಕೇಳಿದರು. ಗಡಿಯಾರ ನಡುವೆ ಬಂದು, "ಇಪ್ಪತ್ತಾರು ವರ್ಷದ ಅನುಭವ" ಎಂದರು. ಅವರು ತಲೆಯಾಡಿಸಿದರು.

ಆಮೇಲೆ ಆರೋಪಿ ಒಂದು ಪ್ರಶ್ನೆ ಕೇಳಬೇಕಂತೆ ಎಂದರು. ಅವನು ಪರದೆಯ ಹತ್ತಿರ ಬಗ್ಗಿದ.

"ಅಕ್ಕ, ಚೆನ್ನಾಗಿದ್ದೀರಾ?"

ನಾನು ಹ್ಞೂಂ ಎಂದೆ.

"ಅಕ್ಕ, ನಾನು ಯಾವ ಸಾಕೆಟ್ಟೂ ಕಳ್ಕೊಂಡಿಲ್ಲ, ಹೊಸದು ತಂದಿಟ್ಟಿಲ್ಲ ಅಂತಾನೇ ಇವರಿಗೆ ಹೇಳ್ತಾ ಬಂದಿದ್ದೀನಿ. ನನಗೆ ಅಂಥದ್ದು ನೆನಪೇ ಇಲ್ಲ. ಅದಕ್ಕೇ ನಿಮ್ಮನ್ನ ಕೇಳಿ ಅಂದೆ. ಆವತ್ತು ನಿಮ್ಮ ಹತ್ರ ಎಲ್ಲ ಪೂರ್ತಿ ಇತ್ತಾ? ನೀವು ಎಣಿಸಿದ್ರಾ? ನೀವೇ?"

ಪಕ್ಕದಲ್ಲಿ ಗಡಿಯಾರದ ಮುಳ್ಳು ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ತಮ್ಮ ಕೆಳಗೆ ಹ್ಯಾಂಗರಿನಲ್ಲಿ ಕಾಯುತ್ತಿದ್ದ.

"ನಾನೇ ಎಣಿಸಿದೆ. ಪೂರ್ತಿ ಇತ್ತು" ಎಂದೆ.

ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಮಾಡಿಕೊಳ್ಳಲಿಲ್ಲ. ಗೋಜಲು ಬಿಡಿಸುವವನ ಹಾಗೆ ಹಣೆ ಉಜ್ಜಿಕೊಂಡ.

"ಹಾಗಾದ್ರೆ ಅದು ನನ್ನದೇ" ಎಂದ. "ಅಕ್ಕ ಎಣಿಸಿದ್ರೆ ತಪ್ಪಲ್ಲ. ಮೇ ತಿಂಗಳಲ್ಲಿ ನಾವು ನಿದ್ದೆ ಮಾಡದೆ ಕೆಲಸ ಮಾಡ್ತಿದ್ವಿ, ನೆಲ ಎರಡು ಸಲ ಬಿಚ್ಚಿದ್ದೆ. ಆಗಲೇ ಬಿದ್ದಿರ್ಬೇಕು. ಹೊಸದು ಯಾವಾಗ ತಂದಿಟ್ಟೆ ಅಂತ ನೆನಪಿಲ್ಲ, ಆದ್ರೆ ತಂದಿಟ್ಟಿರ್ಲೇಬೇಕು. ಬರ್ಕೊಳ್ಳಿ. ಆ ಇಬ್ಬರೂ ನನ್ನಿಂದಲೇ ಸತ್ತಿದ್ದು."

ದುಭಾಷಿ ಅವನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಕಾಗದ ತಂದಿಟ್ಟರು, ಸಹಿ ಹಾಕಿದ. ಎದ್ದು ಹೋಗುವಾಗ ಮತ್ತೆ ಬಗ್ಗಿ, "ಅಕ್ಕ, ನಿಮ್ಮ ಮೇಲೆ ಅನುಮಾನ ಪಟ್ಟೆ. ಕ್ಷಮಿಸಿ" ಎಂದ.

ಪರದೆ ಆರಿಸಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು ಎಂದು ಗಡಿಯಾರ ಎಲ್ಲರಿಗೂ ಟೀ ತರಿಸಿದರು. ನಾನು ಕುಡಿದು ಕೆಳಗೆ ಬಂದೆ. ಪಾಳಿ ಮುಗಿಯುವ ಹೊತ್ತು, ಮೆಕ್ಯಾನಿಕ್‌ಗಳು ಕಿಟಕಿಯ ಮುಂದೆ ಟ್ರೇ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲ ಪೂರ್ಣ ಎಂದು ಒತ್ತಿ, ಚಿಲಕ ಹಾಕಿ, ಐದೂವರೆಯ ಬಸ್ಸಿಗೆ ಮನೆಗೆ ಬಂದೆ.